ನೂರಹತ್ತು ವೋಲ್ಟಿನ ಕೇಕು

ಮಾನ್ಯ ವಾಚಕ ಮಹಾಶಯರೇ! ವಿದ್ಯುತ್ತು ಕಣ್ಣಿಗೆ ಕಾಣದ ಶಕ್ತಿಯಾದರೂ ಗಣಿತಕ್ಕೆ ವಿಧೇಯವಾದುದೆಂದು ಶಾಸ್ತ್ರಗಳು ಸಾರುತ್ತವೆ. ಆ ಗಣಿತದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಸರ್ವನಾಶವನ್ನು ಸಂಪಾದಿಸಿದ ಸದ್ಗೃಹಸ್ಥನೊಬ್ಬನ ವೃತ್ತಾಂತವನ್ನು ತಮ್ಮ ಸನ್ನಿಧಿಗೆ ಅರ್ಪಿಸುತ್ತಿದ್ದೇನೆ. ದಯವಿಟ್ಟು ಕುಳಿತು ಓದಬೇಕು. ನಿಂತು ಓದುವವರು ಬೀಳುವ ಸಂಭವವುಂಟು.

ಸಕಲ ಅನರ್ಥಕ್ಕೂ ಮೂಲ ಒಂದು ಪುಟ್ಟ ಓವನ್. ಬೆಳ್ಳೂರಿನ ಗ್ರಂಥಪಾಲಕ ಎಲ್ರೊಯ್‌ನ ಹೆಂಡತಿ ಜೂಲಿಯೆಟ್‌ಗೆ ಅದನ್ನು ಕೆನಡಾದ ಚಿಕ್ಕಮ್ಮ ಉಡುಗೊರೆಯಾಗಿ ತಂದಿದ್ದಳು. ವಾರ್ಡ್ ಮೆಂಬರ್ ದೇವಕಿಯಕ್ಕ ಅದನ್ನು ಕಂಡವರೇ ಜೂಲಿಯೆಟ್‌ಗೆ ಅವಳ ಜೀವಮಾನದ ಮೊತ್ತಮೊದಲ ಆರ್ಡರ್ ಕೊಟ್ಟುಬಿಟ್ಟರು.

"ಎಂತ ಕಾರ್ಯಕ್ರಮ ಅಂತ ಈಗ ಕೇಳ್ಬೇಡ, ಗುಟ್ಟು. ಶನಿವಾರ ಸಂಜೆ ನಾನೇ ಬಂದು ತಗೊಳ್ತೇನೆ. ಚಂದ ಆದ್ರೆ ಇನ್ನು ಪಂಚಾಯತಿನ ಕೇಕೆಲ್ಲ ನಿಂದೇ!"

ಶನಿವಾರ ಮಧ್ಯಾಹ್ನ ಜೂಲಿಯೆಟ್ ಹಿಟ್ಟು ಕಲಸಿ, ಓವನ್ನಿನ ಬೆನ್ನನ್ನು ಮತ್ತೊಮ್ಮೆ ನೋಡಿದಳು. ಅಲ್ಲಿ ‘110 ವೋಲ್ಟ್, 10 ಆಂಪಿಯರ್’ ಎಂದಿತ್ತು.

"ನಮ್ಮಲ್ಲಿ ಇನ್ನೂರಿಪ್ಪತ್ತಲ್ವಾ? ವೋಲ್ಟೇಜು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ ಅಂತ ನಾನು ಮೊನ್ನೆಯೇ ಬಡ್ಕೊಂಡೆ!"

"ಬೇಡ! ನಾನು ಲೆಕ್ಕ ಹಾಕಿ ಆಗಿದೆ," ಎಂದು ಎಲ್ರೊಯ್ ಗ್ರಂಥಾಲಯದಿಂದ ತಂದಿದ್ದ ಹತ್ತನೇ ತರಗತಿಯ ಭೌತಶಾಸ್ತ್ರವನ್ನು ಖಡ್ಗದಂತೆ ಎತ್ತಿದನು. "ನೂರಹತ್ತನ್ನು ಹತ್ತರಿಂದ ಭಾಗಿಸು, ಪ್ರತಿರೋಧ ಹನ್ನೊಂದು ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸು, ಸಾವಿರದ ನೂರು ವ್ಯಾಟ್. ಇನ್ನೂರಿಪ್ಪತ್ತು ಕೊಟ್ರೆ ಕರೆಂಟು ಇಪ್ಪತ್ತು ಆಂಪಿಯರ್, ವ್ಯಾಟು ನಾಲ್ಕು ಸಾವಿರದ ನಾನೂರು! ಡಬಲ್ ಅಲ್ಲ ಮಾರಾಯ್ತಿ, ನಾಲ್ಕು ಪಟ್ಟು! ಆದ್ರೆ ನಮ್ಮ ಲೈನಲ್ಲಿ ಇನ್ನೂರಿಪ್ಪತ್ತು ಯಾವತ್ತು ಬಂದದ್ದುಂಟು?"

ಮಾತು ನಿಜವಾಗಿತ್ತು. ಊರಿನ ಆ ಮೂಲೆಯಲ್ಲಿ ಬಲ್ಬು ಉರಿಯುತ್ತಿದೆಯೇ ಎಂದು ನೋಡಲು ಟಾರ್ಚು ಹಿಡಿಯಬೇಕಾಗಿತ್ತು. ಈ ಬಗ್ಗೆ ಅರ್ಜಿ ಕೊಟ್ಟು ಕೊಟ್ಟು ಎಲ್ರೊಯ್‌ನ ಚಪ್ಪಲಿಗಳೇ ಸವೆದಿದ್ದವು. ಎಲ್ಲರ ಪಂಪುಗಳೂ ನಡೆಯುವಾಗ ಅವನು ಗೋಡೆಗೆ ಹಾಕಿಸಿದ್ದ ವೋಲ್ಟ್‌ಮೀಟರು ಸರಿಯಾಗಿ ನೂರಹತ್ತು ತೋರಿಸುತ್ತಿತ್ತು. ಕೆನಡಾದ ಓವನ್ ತನ್ನ ಮನೆಗೆಂದೇ ತಯಾರಾದುದೆಂದು ಅವನು ನಂಬಿದ್ದನು.

ಆದರೆ ಇಂದು ಮೀಟರಿನ ಮುಳ್ಳು ನೂರರವತ್ತರಲ್ಲಿ ನಿಂತಿತ್ತು! ನಿನ್ನೆ ಮಳೆ ಸುರಿದುದರಿಂದ ಒಬ್ಬರೂ ಪಂಪು ಹಾಕಿರಲಿಲ್ಲ.

"ಹದಿನಾಲ್ಕೂವರೆ ಆಂಪಿಯರ್! ಎರಡು ಸಾವಿರದ ಮುನ್ನೂರು ವ್ಯಾಟ್!" ಎಂದು ಚೀರುತ್ತ ಎಲ್ರೊಯ್ ಪಕ್ಕದ ಶಿವಸುಬ್ರಹ್ಮಣ್ಯ ಭಟ್ಟರ ಅಂಗಳಕ್ಕೆ ಹಾರಿದನು. "ಭಟ್ರೇ, ಪಂಪು ಹಾಕಿ!"

"ತೋಟದಲ್ಲಿ ಮೀನು ಹಿಡಿಯುವಷ್ಟು ನೀರುಂಟು ಮಾರಾಯ! ಇಷ್ಟು ದಿನ ಪಂಪು ಹಾಕಿದ್ದಕ್ಕೆ ಬೈತಿದ್ದವ ನೀನೇ ಅಲ್ವಾ?"

"ಈಗ ಹಾಕದಿದ್ರೆ ಬೈತೇನೆ! ವೋಲ್ಟೇಜು ಇಳೀಬೇಕು, ಕೇಕ್ ಉಂಟು!"

"ಜಾಸ್ತಿ ಇದ್ರೆ ಒಳ್ಳೇದಲ್ವಾ? ಬೇಗ ಬೇಯ್ತದೆ," ಎಂದು ಗೊಣಗುತ್ತಲೇ ಭಟ್ಟರು ಸ್ವಿಚ್ಚು ಒತ್ತಿದರು. ಆಚೆ ಮನೆಯ ಅಕ್ಕು ಅಕ್ಕಿಯಿಲ್ಲದ ಗ್ರೈಂಡರನ್ನು ತಿರುಗಿಸಿದಳು. ಅದೂ ಸಾಲದೆ, ಇಸ್ತ್ರಿಯಾಗಿದ್ದ ಸೀರೆಗಳಿಗೆ ಪುನಃ ಇಸ್ತ್ರಿ ಹಾಕಿದಳು. ಸುದ್ದಿ ಬೇಲಿ ದಾಟಿತು. ಮನೆಮನೆಯ ಪಂಪು, ಮಿಕ್ಸಿ, ಗೀಸರುಗಳು ಭೂತ ಹಿಡಿದಂತೆ ಗುಡುಗಿದವು.

"ನೂರನಲ್ವತ್ತು!" ಎಂದು ಜೂಲಿಯೆಟ್ ಕಿಟಕಿಯಿಂದ ಕೂಗಿದಳು. "ನೂರಿಪ್ಪತ್ತು! ನೂರಹತ್ತು! ಸಾಕು, ಯಾರೂ ಎಂತದನ್ನೂ ಮುಟ್ಬೇಡಿ!"

ಕೇಕು ಒಳಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅಡಿಗೆಮನೆಯ ಕಿಟಕಿಗೆ ಊರೇ ಅಂಟಿಕೊಂಡಿತು.

"ಉಬ್ಬಿತು ಮಾರಾಯ್ರೆ, ಉಬ್ಬಿತು!" ಎಂದು ಅಕ್ಕು ಚಪ್ಪಾಳೆ ತಟ್ಟಿದಳು. ಎಲ್ರೊಯ್ ತಾನೇ ಉಬ್ಬಿದವನಂತೆ ಎದೆ ಸೆಟೆಸಿ ನಿಂತನು.

ಅಷ್ಟರಲ್ಲಿ ಕರೆಂಟು ಹೋಯಿತು. "ದೇವಾ, ಕೇಕು ಕುಸಿಯುವ ಮೊದಲು ಬರ್ಲಿ!" ಎಂದು ಜೂಲಿಯೆಟ್ ಶಿಲುಬೆಯ ಗುರುತು ಮಾಡಿದಳು.

ಬಂತು! ಬಲ್ಬು ಹುಣ್ಣಿಮೆಯ ಚಂದ್ರನಂತೆ ಬೆಳಗಿತು. ಫ್ಯಾನು ಸುಂಟರಗಾಳಿಯಂತೆ ಎದ್ದಿತು. ಅಂತಹ ಬೆಳಕನ್ನು ಕಂಡರಿಯದ ಎಲ್ರೊಯ್ ತಾನೇ ಮೊದಲು ಅಂಗಳಕ್ಕೆ ಜಿಗಿದು, "ವೋಲ್ಟೇಜು ಬಂತು! ಫುಲ್ ವೋಲ್ಟೇಜು!" ಎಂದು ಕುಣಿದನು. ಭಟ್ಟರೂ ಉಳಿದವರೂ ಸೇರಿ ಅವನನ್ನು ಹೆಗಲಿಗೆತ್ತಿದರು. ಮೇಲೆ ಹೋದ ಮೇಲಷ್ಟೇ ಅವನಿಗೆ ಲೆಕ್ಕ ನೆನಪಾಯಿತು.

"ನಾಲ್ಕು ಸಾವಿರದ ನಾನೂರು!" ಎಂದು ಅವನು ಕಾಲು ಒದೆಯತೊಡಗಿದನು. ಜನರು ಅದನ್ನು ಹರ್ಷವೆಂದೇ ಬಗೆದು ಇನ್ನೂ ಎತ್ತರಕ್ಕೆ ಎತ್ತಿದರು. ಅಡಿಗೆಮನೆಯಿಂದ ಕಪ್ಪು ಹೊಗೆಯೂ, ಅದರ ಹಿಂದೆಯೇ ಜೂಲಿಯೆಟ್‌ಳ ಕೂಗೂ ಹೊರಬಂದವು. ಅವಳು ಪ್ಲಗ್ಗು ಕೀಳುವಷ್ಟರಲ್ಲಿ ಓವನ್ ‘ಢಂ’ ಎಂದು ಕೊನೆಯುಸಿರೆಳೆದಿತ್ತು.

ಆಗ ಹೂಮಾಲೆ ಹಿಡಿದು, ಲೈನ್‌ಮ್ಯಾನ್ ಸುಜನನೊಡನೆ ದೇವಕಿಯಕ್ಕ ಗೇಟು ದಾಟಿದರು. ಮಾಲೆ ನೇರ ಎಲ್ರೊಯ್‌ನ ಕೊರಳಿಗೆ ಬಿತ್ತು.

"ನಿನ್ನ ಅರ್ಜಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು ಮಾರಾಯ! ಈಗಷ್ಟೇ ಚಾಲು ಮಾಡಿದ್ದು. ಗುಟ್ಟು ಇದೇ! ಎಲ್ಲಿ ಜೂಲಿಯೆಟ್, ಉದ್ಘಾಟನೆಯ ಕೇಕು ತಾ!"

ಜೂಲಿಯೆಟ್ ಇದ್ದಿಲಿನ ಗುಡ್ಡೆಯೊಂದನ್ನು ತಟ್ಟೆಯಲ್ಲಿ ತಂದಿಟ್ಟಳು. ದೇವಕಿಯಕ್ಕ ಚೂರಿಯಿಂದ ಒತ್ತಿದರು, ಚೂರಿ ಬಾಗಿತು.

ಹೆಗಲಿನಿಂದ ಇಳಿದ ಎಲ್ರೊಯ್ ಸುಜನನ ಕಿವಿಯಲ್ಲಿ ದೀನನಾಗಿ ಕೇಳಿದನು: "ನನ್ನ ಮನೆಗೆ ಮಾತ್ರ ವೋಲ್ಟೇಜು ಸ್ವಲ್ಪ ಇಳಿಸ್ಲಿಕ್ಕೆ ಆಗ್ತದಾ?"

"ಅದಕ್ಕೆಂತ ಸರ್? ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದ್ರಾಯ್ತು!"

ಜೂಲಿಯೆಟ್ ಗಂಡನತ್ತ ತಿರುಗಿದಳು. ಆ ನೋಟದ ವ್ಯಾಟುಗಳನ್ನು ಗುಣಿಸುವ ಸೂತ್ರ ಭೌತಶಾಸ್ತ್ರದಲ್ಲಿರಲಿಲ್ಲ.

ವಾಚಕ ಮಹಾಶಯರೇ, ಗ್ರಂಥಾಲಯದ ಜಗಲಿಯಲ್ಲಿ ಎರಡು ದಿನಕ್ಕೆಂದು ತಂಗಿರುವ ನನಗೂ ಅತಿಥಿಸತ್ಕಾರವಾಗಬೇಕೆಂದು ಭಟ್ಟರು ಆ ಕೇಕಿಗೆ ಕೊಡಲಿ ತರುತ್ತಿದ್ದಾರೆ. ಅಂಗಿ, ಚಾಪೆಗಳನ್ನು ಚೀಲಕ್ಕೆ ತುರುಕಿಯಾಗಿದೆ. ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿದೆ. ಎಲ್ಲಿಗೆ ಹೋಗುವ ಬಸ್ಸಾದರೂ ಸರಿ, ಹೊರಟೆ!