ನಿದ್ದೆಗೊಬ್ಬ ಸಾಕ್ಷಿ

"ರಾತ್ರಿಯೆಲ್ಲ ನಾನು ರೆಪ್ಪೆ ಮುಚ್ಚಿಲ್ಲ ಅಂದ್ರೆ ಮುಚ್ಚಿಲ್ಲ. ನೀನು ಬರೆದಿರೋದು ಸುಳ್ಳು."

"ಹಾಗಾದ್ರೆ ಗೊರಕೆ ಹೊಡೆದಿದ್ದು ಯಾರು ರೀ, ದಿಂಬಾ?"

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಗಡಿಯಾರ ರಿಪೇರಿಯವರೂ ಅವರ ಹೆಂಡತಿಯೂ ಒಂದು ನೋಟ್‌ಬುಕ್ಕನ್ನು ಎಳೆದಾಡುತ್ತಿದ್ದರು. ಹನ್ನೊಂದು ವರ್ಷದಿಂದ ನಿದ್ದೆಮಾತ್ರೆಗೆ ಜೋತುಬಿದ್ದಿದ್ದ ಗಡಿಯಾರದವರನ್ನು ಡಾಕ್ಟರಮ್ಮ ತಿಂಗಳುಗಟ್ಟಲೆ ಪುಸಲಾಯಿಸಿ, ಇಷ್ಟಿಷ್ಟೇ ಇಳಿಸಿ, ಕಾಲು ಮಾತ್ರೆಗೆ ತಂದು ನಿಲ್ಲಿಸಿದ್ದರು. ಎಷ್ಟು ನಿದ್ದೆ ಬಂತೆಂದು ಬೆಳಗ್ಗೆ ಎದ್ದು ಅಂದಾಜಿಗೆ ಬರೆದಿಡಿ ಎಂದಿದ್ದರು. ಅಂದಾಜು ಎಂಬ ಮಾತೇ ಗಡಿಯಾರದವರ ಜಾಯಮಾನಕ್ಕೆ ಒಗ್ಗದು. ಮಲಗಿದವನು ಟೈಮು ನೋಡುವುದಾದರೂ ಹೇಗೆ? ಹಾಗಾಗಿ ಆ ಕೆಲಸ ಹೆಂಡತಿಯ ತಲೆಗೆ ಬಿದ್ದಿತ್ತು.

ಇವತ್ತು ಡಾಕ್ಟರಮ್ಮ ಈ ಪುಸ್ತಕ ನೋಡಿ ಉಳಿದ ಕಾಲು ಚೂರನ್ನೂ ನಿಲ್ಲಿಸುತ್ತಾರೆ. ಅದಿಲ್ಲದೆ ಮತ್ತೆ ಸೂರು ನೋಡುತ್ತ ಮಲಗಬೇಕಾದೀತೆಂದು ಗಡಿಯಾರದವರಿಗೆ ನಿಜಕ್ಕೂ ಭಯ.

"ಎರಡು ಗಂಟೆಗೆ ಪಕ್ಕದ ಮನೆ ನಾಯಿ ಬೊಗಳ್ತಲ್ಲ, ಕೇಳಿಸ್ತಾ?" ಎಂದಳು ಹೆಂಡತಿ.

"ಕೇಳಿಸದೆ ಏನು? ತಲೆ ಚಿಟ್ಟು ಹಿಡಿದು ಹೋಯ್ತು."

"ಪಕ್ಕದ ಮನೇಲಿ ನಾಯಿನೇ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರಮ್ಮ ಹಾಳೆ ತಿರುವಿದರು. ಹತ್ತು ನಲವತ್ತು, ಮಲಗಿದರು. ಹನ್ನೆರಡೂ ಕಾಲು, ಗೊರಕೆ. ಒಂದು ಐವತ್ತು, ಎಡಮಗ್ಗುಲು. ಮೂರೂ ಐದು, ನಕ್ಕರು. ಹದಿನಾಲ್ಕು ರಾತ್ರಿಯೂ ಹೀಗೇ.

"ಇನ್ನು ನಿಮಗೆ ಮಾತ್ರೆ ಬೇಡ. ಸೊಗಸಾಗಿ ನಿದ್ದೆ ಮಾಡ್ತಿದ್ದೀರಿ," ಎಂದವರು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಇಷ್ಟೆಲ್ಲ ಬರೆದ ನೀವು ಯಾವಾಗ ಮಲಗಿದ್ರಿ?"

"ನನ್ನನ್ನ ಯಾರು ಕೇಳ್ತಾರೆ ಡಾಕ್ಟ್ರೇ? ಈಗ ಮಲಗಿದ್ರೂ ನಿದ್ದೆ ಹತ್ತಲ್ಲ. ಇವರು ಬಿಟ್ಟ ಮಾತ್ರೆ ನಾನು ನುಂಗ್ಲಾ?"

ಡಾಕ್ಟರಮ್ಮ ಮಾತ್ರೆಯ ಸುದ್ದಿಯೇ ಬೇಡ, ಮೊದಲು ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿ ಎಂದು ಗದರಿದರು. ಗಡಿಯಾರದವರಿಗೆ ನಾಚಿಕೆಯಾಯಿತು. ತಮ್ಮ ಕಣ್ಣಿಗೆ ನಿದ್ದೆ ತರಲು ಹೋಗಿ ಇವಳ ಕಣ್ಣಿನದನ್ನು ಕಿತ್ತುಕೊಂಡಿದ್ದರು. ಆದರೂ ಹುಟ್ಟುಗುಣ ಬಿಟ್ಟೀತೇ?

"ಇವತ್ತು ನೀನು ಮಲಗು ಮಾರಾಯ್ತಿ. ನಾನು ಎದ್ದಿದ್ದು ನಿನ್ನ ನಿದ್ದೆ ಬರೀತೀನಿ," ಎಂದರು ದಾರಿಯಲ್ಲಿ.

ಮರುದಿನ ಬೆಳಗ್ಗೆ ಬಿಸಿಲು ಮುಖಕ್ಕೆ ಬಿದ್ದಾಗ ನೋಟ್‌ಬುಕ್ಕು ಅವರ ಎದೆಯ ಮೇಲಿತ್ತು. "ಹತ್ತೂ ಐದು. ಇವಳಿನ್ನೂ ಮಲಗಿಲ್ಲ. ನಾನಂತೂ" ಎಂದು ಬರೆದಲ್ಲಿಂದ ಪೆನ್ನು ಜಾರಿ ಹಾಳೆಯ ಅಂಚಿನವರೆಗೂ ಗೀಟು ಎಳೆದಿತ್ತು. ಕೆಳಗೆ ಹೆಂಡತಿಯ ಅಕ್ಷರ: "ಹತ್ತೂ ಏಳು. ಮಾತ್ರೆ ಇಲ್ಲದೆ ಮಲಗಿದರು. ನನ್ನ ಕೆಲಸ ಮುಗಿಯಿತು."

"ಶುದ್ಧ ಸುಳ್ಳು. ನಾನು ರೆಪ್ಪೆ ಮುಚ್ಚಿಲ್ಲ," ಎಂದರು ಗಡಿಯಾರದವರು, ಕಣ್ಣುಜ್ಜಿಕೊಳ್ಳುತ್ತ.

ಪಕ್ಕದಿಂದ ಉತ್ತರವಾಗಿ ಬಂದದ್ದು ಗೊರಕೆ.