ಮಾವನವರು ಎಣಿಸಿದ ಸೀನುಗಳು

ಮಾತು ಬಾರದವಳಿಗೆ ದೇವರು ಇಷ್ಟು ಗಟ್ಟಿ ಮೂಗು ಕೊಡಬಾರದಿತ್ತು, ಮಕ್ಕಳೇ. ಆತಗೂರು ಕಡೆಯ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನಾನು ನಾಚಿಕೊಂಡು ಪಕ್ಕದವಳ ಕೈಲಿ "ಬಂದವ್ಳೆ ಸಾ" ಎಂದು ಹೇಳಿಸುತ್ತಿದ್ದೆ. ಅಂಥವಳು ಮಂಡ್ಯದ ಗುತ್ತಲಿಗೆ ಸೊಸೆಯಾಗಿ ಬಂದೆ. ನಮ್ಮ ಮಾವನವರು ನನ್ನ ದನಿ ಕೇಳಿದ್ದು ಎಷ್ಟೋ ತಿಂಗಳಾದ ಮೇಲೆ. ಸೀನು ಕೇಳಿದ್ದು ಮಾತ್ರ ಹೊಸಿಲು ದಾಟಿದ ದಿನವೇ. ಆ ಸದ್ದಿಗೆ ಹಟ್ಟಿಯಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತು ಎಂದು ನಿಮ್ಮ ತಾತ ಇರುವವರೆಗೂ ಹೇಳುತ್ತಿದ್ದರು. ಕಿತ್ತುಕೊಳ್ಳಲಿಲ್ಲ. ಜಗ್ಗಿತು, ಅಷ್ಟೇ.

ಒಲೆಯ ಬೂದಿ ತೆಗೆದರೆ ಸೀನು, ಕಸ ಗುಡಿಸಿದರೆ ಸೀನು, ರಾಗಿ ಕೇರಿದರೆ ಸೀನು. ಕಟಾವಾದ ಗದ್ದೆಯಲ್ಲಿ ಯಾರಾದರೂ ಕಬ್ಬಿನ ತರಗಿಗೆ ಬೆಂಕಿ ಇಟ್ಟರೆ, ಹೊಗೆ ನಮ್ಮ ಬೀದಿಗೆ ಬರುವ ಮೊದಲೇ ನನ್ನ ಮೂಗಿಗೆ ಸುದ್ದಿ ಬರುತ್ತಿತ್ತು. ಅದನ್ನೂ ಹೇಗೋ ಸಹಿಸಬಹುದಿತ್ತು. ಆದರೆ ನಮ್ಮ ಮಾವನವರಿಗೆ ಶಕುನದ ಹುಚ್ಚು. ಹೊರಗೆ ಹೊರಟಾಗ ಒಂಟಿ ಸೀನು ಬಂದರೆ ಕೆಟ್ಟದ್ದು, ಜೋಡಿ ಬಂದರೆ ಒಳ್ಳೆಯದು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನನಗೆ ಒಂದು ಎರಡಕ್ಕೆ ನಿಲ್ಲುತ್ತಲೇ ಇರಲಿಲ್ಲವಲ್ಲ, ಅದಕ್ಕೆ ಮಾವನವರು ಶಾಸ್ತ್ರವನ್ನು ಮುಂದಕ್ಕೆ ಬೆಳೆಸಿದರು. ಮೂರು, ಐದು, ಏಳು ಬಂದರೆ ಒಂಟಿ. ನಾಲ್ಕು, ಆರು, ಎಂಟಾದರೆ ಜೋಡಿ. ಮೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತಾ ಎಣಿಸುವರು. ಏಳಕ್ಕೆ ನಿಂತರೆ, "ಇನ್ನೊಂದ್ ಬುಡವ್ವಾ, ಬಸ್ ಓಯ್ತದೆ!" ಎಂದು ಕೂಗುವರು. ನಾನು ಅಡುಗೆಮನೆಯಲ್ಲಿ ಮೂಗಿಗೆ ಸೆರಗಿನ ತುದಿ ತುರುಕಿಕೊಂಡು ಎಂಟನೆಯದಕ್ಕೆ ಒದ್ದಾಡುವೆ.

ಮದ್ದು ಹೇಳದವರಿಲ್ಲ. ಒಬ್ಬರು ತುಂಬೆ ಸೊಪ್ಪಿನ ರಸ ಎಂದರು, ಇನ್ನೊಬ್ಬರು ಅರಿಸಿನದ ಕೊಂಬು ಸುಟ್ಟು ಅದರ ಹೊಗೆ ಎಳೆದುಕೋ ಎಂದರು. ಹೊಗೆ ಎಳೆದುಕೊಂಡು ಹನ್ನೊಂದು ಸೀನಿದೆ. ಕೊನೆಗೆ ಮಾವನವರೇ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನೋಡಿ, "ಇದು ನೆಗಡಿಯಲ್ಲ, ಅಲರ್ಜಿ ಕಣಮ್ಮ. ಹೊಗೆ, ಧೂಳು, ಕಂಬಳಿ, ಹಳೇ ಬಟ್ಟೆ ಇವುಗಳ ಹತ್ತಿರ ಹೋಗಬೇಡಿ" ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮಾವನವರೇ ಕೇಳಿದರು: "ಅಂಗಂದ್ರೆ ಸಂಸಾರದ್ ತಾವ್ಕೇ ಓಗ್ಬ್ಯಾಡ ಅಂದಂಗಾಯ್ತಲ್ಲಾ ಸ್ವಾಮಿ?" ಡಾಕ್ಟರು ನಕ್ಕು ಒಂದು ಪೊಟ್ಟಣ ಬಿಳಿ ಮಾತ್ರೆ ಕೊಟ್ಟರು. ಅದನ್ನು ನುಂಗಿದರೆ ಸೀನು ನಿಲ್ಲುತ್ತಿತ್ತು ನಿಜ. ಆದರೆ ಮುದ್ದೆ ಕೋಲು ಹಿಡಿದುಕೊಂಡೇ ತೂಕಡಿಸಿ, ಒಂದು ಸಲ ಹಿಟ್ಟು ತಳ ಹತ್ತಿ ಬೀದಿಗೆಲ್ಲ ವಾಸನೆ ಬಂತು. "ಸೊಸೆಗೆ ಇಂಗ್ಲೀಸ್ ನೆಗಡಿ" ಎಂದು ಮಾವನವರು ಕಂಡವರಿಗೆಲ್ಲ ಹೇಳಿಕೊಂಡು ಬಂದರು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ನನ್ನ ಅನುಮಾನ.

ಈಗ ನಿಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಅವಳಿಗೆ ಮೊದಲು ಬಂದದ್ದು ಮಳವಳ್ಳಿಯ ಗಂಡು. ನೋಡಿಕೊಂಡು ಎದ್ದು ಹೊರಡುವಾಗ ನಾನು ಮೂರು ಸೀನಿದೆ. ಹೋದವರು ಮತ್ತೆ ಸುದ್ದಿಯನ್ನೇ ಕಳಿಸಲಿಲ್ಲ. ಆಗ ನಿಮ್ಮ ಅವ್ವ ಎರಡು ಹೊತ್ತೂ ಚೆನ್ನಾಗಿಯೇ ಉಂಡಳು. ಮಾರನೆಯ ವರ್ಷ ಕಿರುಗಾವಲಿನಿಂದ ನಿಮ್ಮ ಅಪ್ಪ ಬಂದು ನೋಡಿಕೊಂಡು ಹೋದರು. ವೀಳ್ಯ ಬದಲಾಯಿಸುವ ದಿನ ಗೊತ್ತಾಯಿತು. ಹಿಂದಿನ ದಿನ ಸಂಜೆ ಅವಳು ನನ್ನ ಪಕ್ಕ ಬಂದು ಕೂತು ಸೆರಗು ಹಿಡಿದುಕೊಂಡು, "ಅವ್ವಾ, ಈ ಸಲ ಸೀನ್ಬ್ಯಾಡ ಕಣವ್ವ" ಎಂದಳು. ಬೆಳಿಗ್ಗೆ ಒಂದರ ಬದಲು ಎರಡು ಮಾತ್ರೆ ನುಂಗಿದೆ.

ಮಾವನವರು ಬಂದವರಿಗೆ ಮರ್ಯಾದೆಯಾಗಲೆಂದು ಅಟ್ಟದಿಂದ ಹಳೆಯ ಜಮಖಾನ ಇಳಿಸಿ ಅಂಗಳದ ಪಕ್ಕದ ಪಡಸಾಲೆಗೆ ಹಾಸಿದ್ದರು. ಅದನ್ನು ಕೊಡವಿ ಎಷ್ಟು ವರ್ಷವಾಗಿತ್ತೋ. ನಿಮ್ಮ ಅಪ್ಪ ಅದರ ಮೇಲೆ ಕೂತು, ಬಂದಾಗಿನಿಂದ ಕರವಸ್ತ್ರವನ್ನು ಮೂಗಿನಿಂದ ತೆಗೆಯಲೇ ಇಲ್ಲ. ಗಂಡಿಗೆ ಎಷ್ಟು ನಾಚಿಕೆ ಎಂದು ಹೆಂಗಸರೆಲ್ಲ ಮೆಚ್ಚಿಕೊಂಡರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿದ್ದೆಗಣ್ಣಿನಲ್ಲಿ ನಿಂತಿದ್ದೆ. ಬೀಗರು ವೀಳ್ಯದ ತಟ್ಟೆ ಹಿಡಿದು ಎದ್ದರು, ನಿಮ್ಮ ತಾತ ಕೈ ಚಾಚಿದರು. ಆಗ, ಎರಡು ಮಾತ್ರೆಯನ್ನೂ ದಾಟಿಕೊಂಡು, ಒಂದೇ ಒಂದು ಸೀನು ಬಂತು.

"ತಡೀರಿ!" ಎಂದರು ಮಾವನವರು. "ನಮ್ ಸೊಸೇದು. ಒಂದ್ಕೆ ನಿಲ್ಸೋಳಲ್ಲ. ಇನ್ನೊಂದ್ ಬತ್ತದೆ, ಕೂತ್ಕಳಿ."

ಎಲ್ಲರೂ ಕೂತರು. ಎರಡನೆಯದು ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ಒಂದಕ್ಕೇ ನಿಂತ ನನ್ನ ಮೂಗು ಒಣಗಿದ ಕೆರೆಯಂತೆ ಬಾಯಿಬಿಟ್ಟುಕೊಂಡು ಸುಮ್ಮನಿತ್ತು. ನಮ್ಮ ನಾದಿನಿ ಪುಟ್ಟತಾಯಮ್ಮ, "ಬಿಸ್ಲ ನೋಡಿ ಅತ್ಗೆ, ಬತ್ತದೆ" ಎಂದು ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು. ಗಂಡಸರ ಎದುರು ಮುಖ ಎತ್ತದವಳು ನಾನು, ಈಗ ಮೂಗನ್ನು ಆಕಾಶಕ್ಕೆ ಹಿಡಿದು ನಿಂತಿದ್ದೇನೆ! ಎರಡು ಊರಿನವರು ಅದನ್ನೇ ನೋಡುತ್ತಿದ್ದಾರೆ! "ಬಂತಾ?" "ಇಲ್ಲ." "ಬಂತಾ?" "ಇಲ್ಲ." ಪುಟ್ಟತಾಯಮ್ಮನಿಗೆ ತಾಳ್ಮೆ ಕೆಟ್ಟು, ಜಮಖಾನದ ತುದಿ ಎತ್ತಿ ನನ್ನ ಕಡೆಗೆ ಪಟಪಟನೆ ಕೊಡವಿದಳು.

ಸೀನು ಬಂತು. ನನಗಲ್ಲ, ನಿಮ್ಮ ಅಪ್ಪನಿಗೆ. ಒಂದು, ಎರಡು, ಮೂರು, ನಾಲ್ಕು! ನಿಮ್ಮ ಕಿರುಗಾವಲಿನ ಅಜ್ಜಿ ತಲೆಯ ಮೇಲೆ ಕೈಹೊತ್ತು, "ತಡ್ಕೊ ಅಂತ ಮನೆ ಬುಡೋವಾಗ್ಲೇ ಬಡ್ಕಂಡಿರ್ನಿಲ್ವೇನ್ಲಾ!" ಎಂದರು.

"ಜಮಖಾನದ ದೂಳು ಕಣವ್ವಾ, ನಾನೇನ್ ಮಾಡ್ಲಿ?" ಎಂದರು ನಿಮ್ಮ ಅಪ್ಪ, ಕಣ್ಣಲ್ಲಿ ನೀರು ಸುರಿಸುತ್ತಾ.

ನಮಗೆ ಆಗ ತಿಳಿಯಿತು. ನಾವು ಬಚ್ಚಿಟ್ಟದ್ದನ್ನೇ ಅವರೂ ಬಚ್ಚಿಟ್ಟುಕೊಂಡು ಬಂದಿದ್ದರು. ಮಾವನವರು ಮಾತ್ರ ಅದರ ಗೊಡವೆಗೆ ಹೋಗದೆ ಬೆರಳು ಮಡಿಸುತ್ತಿದ್ದರು. "ನಿಮ್ದು ನಾಕು, ನಮ್ದೊಂದು, ಒಟ್ಟು ಐದು. ಇನ್ನೊಂದೇ ಒಂದು ಬೇಕು!" ಈಗ ಕಿರುಗಾವಲಿನ ಅಜ್ಜಿಯೇ ಮಗನ ಗಲ್ಲ ಹಿಡಿದುಕೊಂಡರು. "ಇನ್ನೊಂದ್ ಸೀನ್ಲಾ ಮಗ, ನಿನ್ ದಮ್ಮಯ್ಯ!"

ಬೇಕೆಂದಾಗ ಯಾರ ಮೂಗೂ ಮಾತು ಕೇಳುವುದಿಲ್ಲ. ನಿಮ್ಮ ಅಪ್ಪ ಬಾಯಿ ತೆರೆದರು, ಮುಚ್ಚಿದರು. ತಲೆ ಬಗ್ಗಿಸಿ ಒಳಗೆ ಕೂತಿರಬೇಕಾಗಿದ್ದ ನಿಮ್ಮ ಅವ್ವ, ಹೂ ಮುಡಿದುಕೊಂಡೇ ಸರಸರನೆ ಬಂದಳು. ಯಾರನ್ನೂ ನೋಡಲಿಲ್ಲ. ಜಮಖಾನದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಸರಿಯಾಗಿ ಅವರ ಮುಖಕ್ಕೆ ಒಂದು ಸಲ ಕೊಡವಿ, ಬಂದಷ್ಟೇ ಬೇಗ ಒಳಗೆ ಹೋದಳು.

ಬಂತು ನೋಡಿ! ಹಟ್ಟಿಯ ಎಮ್ಮೆಗಳೆಲ್ಲ ಎದ್ದು ನಿಂತವು. "ಆರು!" ಎಂದು ಮಾವನವರು ಕೂಗಿದರು. "ಎತ್ರಯ್ಯಾ ತಟ್ಟೆಯ, ಏಳ್ನೇದ್ ಬರೋದ್ರೊಳ್ಗೆ!" ತಟ್ಟೆಗಳು ಬದಲಾದವು.

ಆ ದಿನ ಅಳಿಯಂದಿರ ಮೂಗು ನನ್ನ ಮಗಳ ಸಂಬಂಧ ಉಳಿಸಿತೆಂದು ಎಷ್ಟು ಹಿಗ್ಗಿದೆನೋ, ಮುಂದೆ ನನ್ನದೂ ಅವರದೂ ಎರಡು ಮೂಗೂ ಸೇರಿ ಏನು ಮಾಡುತ್ತವೆಂದು ಅಷ್ಟೂ ಯೋಚಿಸಲಿಲ್ಲ. ನೀವು ಮೂವರೂ ಬೆಳಗಾಗೆದ್ದು ಸಾಲಾಗಿ ಕೂತು ಸೀನುವಾಗ, "ಎಲ್ಲಾ ನಿಮ್ಮಜ್ಜಿ ಕೊಟ್ಟ ಬಳುವಳಿ" ಎಂದು ನಿಮ್ಮ ಅವ್ವ ಗೊಣಗುತ್ತಾಳೆ. ಇದು ಕಿರುಗಾವಲಿನ ಕಡೆಯದು ಕಣೇ, ಜಮಖಾನ ಕೊಡವಿದವಳು ನೀನೇ ಕಣೇ ಎಂದು ಒಂದು ದಿನವಾದರೂ ಗಟ್ಟಿಯಾಗಿ ಹೇಳಿಬಿಡಬೇಕೆಂದು ನಾನು ಧೈರ್ಯ ಮಾಡಿ ಬಾಯಿ ತೆರೆಯುತ್ತೇನೆ. ಮಾತಿಗಿಂತ ಮೊದಲು ಸೀನು ಬರುತ್ತದೆ.