ಅತ್ತಿ ವಾಪಸು ಕಳಿಸಿದ ಗಂಟೆಗಳು

ಇಂಗ್ಲೆಂಡ್, ಜರ್ಮನಿ, ಹಾಲೆಂಡುಗಳಲ್ಲಿ ಹಳೆಯ ಗಂಟೆ ಮಾರುವ ಒಂದಷ್ಟು ಸಜ್ಜನರಿದ್ದಾರೆ. ಅವರಿಗೆ ದಿಲ್ಲಿ ಎಲ್ಲಿದೆಯೋ ಗೊತ್ತಿರಲಿಕ್ಕಿಲ್ಲ, ಕಮಲಾಪುರ ಮಾತ್ರ ಚೆನ್ನಾಗಿ ಗೊತ್ತು. ಆ ಊರಿನ ಪಾರ್ಸೆಲ್ ಬಾಗಿಲಿಗೆ ಬಂದರೆ ಅವರ ಎದೆ ಧಸಕ್ಕೆನ್ನುತ್ತಿತ್ತೆಂದು ನನ್ನ ಅಂದಾಜು. ಊರಿನ ಕೀರ್ತಿಯನ್ನು ಹೀಗೆ ಸಾಗರದಾಚೆ ಮುಟ್ಟಿಸಿದವಳು ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ. ಕಮಲಾಪುರದ ಕೆಂಪು ಬಾಳೆಹಣ್ಣಿನ ಕೈಲಿ ಆಗದ್ದು ಆಕೆಯ ಕೈಲಿ ಆಯಿತು.

ಅತ್ತಿ ಅಲ್ಲಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಮದುವೆಯ ಗೊಡವೆಗೆ ಹೋದವಳಲ್ಲ. ನೌಕರಿ ಇನ್ನೂ ಇರುವಾಗಲೇ ಸಾಕೆಂದು ಬಿಟ್ಟು ಮನೆಗೆ ಬಂದವಳು ಗಂಟೆ ಕೂಡಿಸಲು ಸುರುಮಾಡಿದಳು. ಗಂಟೆಯೇ ಯಾಕೆ ಎಂದು ಕೇಳಿದವರಿಗೆ, ಮತ್ತೇನು ಕುಕ್ಕರ್ ಕೂಡಿಸಲೇನು ಅನ್ನುತ್ತಿದ್ದಳು. ಮೊದಲು ಕಲಬುರಗಿಯ ಶಹಾಬಜಾರದ ಹಿತ್ತಾಳೆ ಅಂಗಡಿಗಳನ್ನು ಬರಿದು ಮಾಡಿದಳು. ಪೂಜೆಯ ಗಂಟೆ, ಎತ್ತಿನ ಕೊರಳ ಗಂಟೆ, ಯಾವುದೂ ಉಳಿಯಲಿಲ್ಲ. ಒಂದು ದಿನ ಅಂಗಡಿಯ ಚಾಚಾ ಕೈಮುಗಿದ. "ಟೀಚರ್ ಬಾಯಿ, ಇನ್ನ ಬಾಗಿಲಿಗಿ ತೂಗಹಾಕಿದ್ದೊಂದು ಉಳದದ. ಅದನ್ನೂ ಬಿಚ್ಚಿ ಕೊಡ್ಲೇನ್ರೀ?" ಅತ್ತಿ ಹೂಂ ಅಂದಳು. ಅವನು ಬಿಚ್ಚಿ ಕೊಟ್ಟ.

ಅಲ್ಲಿಗೆ ಕತೆ ಮುಗಿಯುತ್ತಿತ್ತು, ನಾನು ಶಾಣ್ಯಾತನ ಮಾಡದೆ ಇದ್ದಿದ್ದರೆ. ಆಗ ಹೊಸ ಶತಮಾನ ಹುಟ್ಟಿ ಕೆಲವೇ ವರ್ಷವಾಗಿತ್ತು. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಕಂಪ್ಯೂಟರೂ ಇಂಟರ್ನೆಟ್ಟೂ ಬಂದಿದ್ದವು. ಬಂದವರನ್ನೆಲ್ಲ ಅದರ ಮುಂದೆ ಕೂಡಿಸಿ, ಇಡೀ ಜಗತ್ತು ಇದರೊಳಗಿದೆ ಎಂದು ಭಾಷಣ ಬಿಗಿಯುವುದು ನನ್ನ ಚಟ. ಕಮಲಾಪುರದಿಂದ ಬಂದಿದ್ದ ಅತ್ತಿ ಭಾಷಣವನ್ನು ಪೂರ್ತಿ ಕೇಳಿ ಒಂದೇ ಮಾತು ಹೇಳಿದಳು: "ಹಂಗಾರ ಗಂಟಿ ತೋರಸು."

ತೋರಿಸಿದೆ. ಪರದೆಯ ತುಂಬ ಗಂಟೆಗಳು! ಗಾಜಿನವು, ಬೆಳ್ಳಿಯವು, ಪಿಂಗಾಣಿಯವು. ಆ ಕಡೆ ಸಾಹೇಬರು ಊಟದ ಮೇಜಿನ ಮೇಲಿಟ್ಟುಕೊಂಡು ಆಳುಗಳನ್ನು ಕರೆಯಲು ಬಾರಿಸುತ್ತಿದ್ದ ಪುಟ್ಟ ಪುಟ್ಟ ಗಂಟೆಗಳು. ಅತ್ತಿ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಹೆಂಡತಿ ಅಡಿಗೆಮನೆಯಿಂದಲೇ ನನ್ನನ್ನು ನೋಡಿದ ನೋಟದಲ್ಲಿ ಮುಂದಿನ ಎರಡು ವರ್ಷದ ಭವಿಷ್ಯವೆಲ್ಲ ಇತ್ತು.

ಮೊದಲು ಬಂದದ್ದು ಇಂಗ್ಲೆಂಡಿನ ಹಿತ್ತಾಳೆಯ ಮಡಮ್ಮ, ಅಂದರೆ ದೊರೆಸಾನಿಯ ಆಕಾರದ ಗಂಟೆ. ಒಂದು ಗೇಣು ಎತ್ತರ, ಬುಟ್ಟಿಯಂಥ ಲಂಗ. ಅತ್ತಿ ಅದನ್ನು ತಲೆಕೆಳಗು ಮಾಡಿ ನೋಡಿ ಗಡಬಡಿಸಿ ನೆಟ್ಟಗೆ ಇಟ್ಟಳು. ಲಂಗದೊಳಗೆ ಗಂಟೆಯ ನಾಲಿಗೆ ಇರಬೇಕಾದಲ್ಲಿ ಎರಡು ಕಾಲು ಜೋತಾಡುತ್ತಿದ್ದವು. ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಕಣ್ಣು ಮುಚ್ಚಿ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಮುಖ ಸಪ್ಪಗಾಯಿತು.

"ಕಾಲು ಇರ್ಲಿ, ಧ್ವನಿ ಎಲ್ಲದ ಇದಕ್ಕ? ಬರೇ ಟಕ್ ಅಂತದ. ವಾಪಸ್ ಕಳಸು."

ಚಿತ್ರ ನೋಡಿ ಕೊಳ್ಳುವುದು, ಧ್ವನಿ ಕೇಳಿ ತಿರುಗಿಸುವುದು. ಈ ವ್ಯಾಪಾರ ಹೇಗೆ ಕೊನೆ ಮುಟ್ಟಬೇಕು? ಆದರೆ ನಾನು ಬೇಡ ಅನ್ನಲಿಲ್ಲ. ಅನ್ನುವುದಿರಲಿ, ತಲೆದೂಗಿದೆ. ಕಾಲೇಜಿನಲ್ಲಿದ್ದಾಗ ಗಾಯನ ಸ್ಪರ್ಧೆಯಲ್ಲಿ ನನಗೊಂದು ಸಮಾಧಾನಕರ ಬಹುಮಾನ ಬಂದಿತ್ತು. ಅಂದಿನಿಂದ ಮನೆಯಲ್ಲಿ ಸ್ವರಜ್ಞಾನಿ ಎಂದರೆ ನಾನೇ. ಅತ್ತಿ ಅಷ್ಟು ಖಾತ್ರಿಯಿಂದ ಟಕ್ ಎಂದಾಗ, ಟಿಣ್ ಎಂದು ಕೇಳಿದ ನನ್ನ ಕಿವಿಯಲ್ಲೇ ಏನೋ ಐಬು ಇರಬೇಕು ಎನ್ನಿಸಿತು. ಹೌದು ಅತ್ತಿ, ಕಂಚಿನ ಪಾಕ ತಪ್ಪಿದೆ ಅಂದೆ. ಅದು ಹಿತ್ತಾಳೆಯದಾಗಿತ್ತು.

ವಾಪಸು ಕಳಿಸಲು ಕಾಗದ ಬರೆಯುವುದು ನನ್ನ ಪಾಲಿನ ಕೆಲಸ. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ನನಗೆ ಬರುವ ಇಂಗ್ಲಿಷ್ ಒಂದೇ ತರಹದ್ದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಎತ್ತಿಕೊಂಡು, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದು ಇಳಿಸಿ, ತಮ್ಮ ವಿಧೇಯ ಎಂದು ಸಹಿ ಹಾಕುತ್ತಿದ್ದೆ. ಆ ಮಡಮ್ಮನನ್ನು ಮಾರಿದವಳು ಇಂಗ್ಲೆಂಡಿನ ಒಬ್ಬ ಮುದುಕಿ. ಪಾಪ, ಹೆದರಿಬಿಟ್ಟಳು. ನೀವು ವಕೀಲರೇ ಎಂದು ಕೇಳಿ, ಕ್ಷಮೆ ಬೇಡಿ, ಗಂಟೆ ಇಲ್ಲಿ ಚೆನ್ನಾಗಿಯೇ ನುಡಿಯುತ್ತಿತ್ತು, ಆದರೂ ತಿರುಗಿ ತಗೊಳ್ಳುತ್ತೇನೆ ಎಂದು ಬರೆದಳು. ನನ್ನ ಇಂಗ್ಲಿಷಿನ ತಾಕತ್ತು ನೋಡು ಎಂದು ಅದನ್ನು ಹೆಂಡತಿಗೆ ಓದಿ ಹೇಳಿದೆ. ಆಕೆ ಮುದುಕಿಯ ಪಕ್ಷ ವಹಿಸಿದಳು.

ಪಾರ್ಸೆಲ್ ಕಟ್ಟುವುದು ಅತ್ತಿಯ ಪಾಲಿನ ಕೆಲಸ. ಗಂಟೆಗೆ ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು, ಬಿಳಿ ಅರಿವೆಯಲ್ಲಿ ಹೊಲಿದು, ಕಮಲಾಪುರದ ತನ್ನ ವಿಳಾಸ ಬರೆದು, ಅರಗಿನ ಮುದ್ರೆ ಒತ್ತಬೇಕು. ಆದರೆ ಮಂದಿಯ ಡಬ್ಬಿಯನ್ನು ಖಾಲಿ ಕಳಿಸಬಾರದೆಂಬುದು ಆಕೆಯ ಧರ್ಮ. ಅದು ಖಾಲಿ ಅಲ್ಲ, ಒಳಗೆ ಗಂಟೆ ಇದೆ ಎಂದರೆ, ಅದು ಅವರದೇ, ನಮ್ಮದೇನು ಕೊಟ್ಟಂಗಾತು ಅನ್ನುವಳು. ಹೀಗಾಗಿ ಜರ್ಮನಿಗೆ ತಿರುಗಿ ಹೋದ ಗಂಟೆಯ ಜೊತೆ ಒಂದು ಪುಡಿಕೆ ಶೇಂಗಾ ಹಿಂಡಿಯೂ ಹೋಯಿತು. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒರಳಲ್ಲಿ ಕುಟ್ಟಿದ್ದು.

ಅಲ್ಲಿಂದ ಬಂದ ಉತ್ತರದಲ್ಲಿ ಮನಃಪೂರ್ವಕ ಧನ್ಯವಾದಗಳಿದ್ದವು. ನೀವು ಕಳಿಸಿದ ಕೆಂಪು ಪುಡಿಯಿಂದ ತಿಕ್ಕಿದ ಮೇಲೆ ಗಂಟೆ ಥಳಥಳ ಹೊಳೆಯುತ್ತಿದೆ, ಕಣ್ಣು ಮಾತ್ರ ವಿಪರೀತ ಉರಿದವು, ಭಾರತದಲ್ಲಿ ಕೈಗವಸು ಹಾಕಿಕೊಂಡು ತಿಕ್ಕುತ್ತೀರೇನು, ಎಂದು ಆ ವ್ಯಾಪಾರಿ ಕೇಳಿದ್ದ. ಅತ್ತಿಗೆ ಓದಿ ಹೇಳಿದೆ. ಆಕೆಗೆ ಬೇಜಾರಾದದ್ದು ಆತನ ಕಣ್ಣಿನ ಬಗ್ಗೆ ಅಲ್ಲ. "ರೊಟ್ಟಿ ಕಳಸಿದ್ರ ತಿಳೀತಿತ್ತು ಪಾಪ ಅವಂಗ," ಅಂದಳು. ಮುಂದಿನ ಪಾರ್ಸೆಲ್ಲಿನಲ್ಲಿ ಖಡಕ್ ರೊಟ್ಟಿಯೂ ಹೋಯಿತು. ಅದರಿಂದ ಯಾರು ಏನು ತಿಕ್ಕಿದರೋ ತಿಳಿಯಲಿಲ್ಲ.

ಹೀಗೆಯೇ ನಡೆಯಿತು. ಗಂಟೆ ಬರುವುದು, ಅತ್ತಿ ಕಣ್ಣು ಮುಚ್ಚುವುದು, ಟಕ್ ಅನ್ನುವುದು, ನಾನು ಹೌದೌದು ಅನ್ನುವುದು. ಆಕೆಯ ಪಿಂಚಣಿಯೆಲ್ಲ ಸಮುದ್ರ ದಾಟಿ ಹೋಗಿ ಬರುತ್ತಿತ್ತು, ಮನೆಯಲ್ಲಿ ಹೊರದೇಶದ ಒಂದು ಗಂಟೆಯೂ ನಿಲ್ಲಲಿಲ್ಲ. ಟಪಾಲು ಕಚೇರಿಯಲ್ಲಿ ನನ್ನನ್ನು ಗಂಟಿ ಸಾಹೇಬ್ರು ಅನ್ನತೊಡಗಿದರು. ಮೊದಲು ಅದನ್ನು ಗೌರವವೆಂದೇ ತಿಳಿದಿದ್ದೆ.

ಒಂದು ರವಿವಾರ ಹಾಲೆಂಡಿನ ಬೆಳ್ಳಿ ಗಂಟೆ ತಗೊಂಡು ಹೆಂಡತಿಯ ಜೊತೆ ಕಮಲಾಪುರಕ್ಕೆ ಹೋದೆ. ತೊಗರಿ ಕಾಯಿಯ ಕಾಲ. ಅತ್ತಿ ಗಂಟೆಯನ್ನು ಬಾರಿಸಿ ನೋಡಿ, ಎಂದಿನಂತೆ ತಲೆಯಾಡಿಸಿ, ಅಂಗಳದಲ್ಲಿ ನಮಗೆ ಬೆನ್ನು ಮಾಡಿ ಕೂತು ಕಾಯಿ ಸುಲಿಯತೊಡಗಿದಳು. ಚಹಾ ಆಗಿತ್ತು. ಹೆಂಡತಿ ಚಾಷ್ಟಿಗೆಂದು ಆ ಗಂಟೆಯನ್ನೇ ಬಾರಿಸಿ ಅತ್ತಿಯನ್ನು ಕರೆದಳು.

ಟಿಣ್ ಎಂದು ಎಷ್ಟು ಚಂದ ನುಡಿಯಿತೆಂದರೆ, ಗೋಡೆಯ ಆಚೆಯಿಂದ ನೆರೆಮನೆಯವಳು ಯಾರದು ಪೂಜೆ ಎಂದು ಕೂಗಿ ಕೇಳಿದಳು. ಅತ್ತಿ ತಿರುಗಲಿಲ್ಲ. ಹೆಂಡತಿ ಮತ್ತೆ ಬಾರಿಸಿದಳು. ಹತ್ತಿರ ಹೋಗಿ ಬೆನ್ನ ಹಿಂದೆಯೇ ನಿಂತು ಬಾರಿಸಿದಳು. ಅತ್ತಿಯ ಬೆರಳುಗಳು ತಮ್ಮ ಪಾಡಿಗೆ ಕಾಯಿ ಸುಲಿಯುತ್ತಿದ್ದವು. ಹೆಂಡತಿ ನನ್ನ ಮುಖ ನೋಡಿದಳು. ನಾನು ಗಂಟೆಯನ್ನು ನೋಡಿದೆ. ಎರಡು ವರ್ಷ ಯುರೋಪಿನವರ ಮೇಲೆ ಕ್ರಮ ಜರುಗಿಸಿದ್ದ ನನಗೆ ಆಗ ತಿಳಿಯಿತು.

ಕಲಬುರಗಿಯ ಕಿವಿ ಡಾಕ್ಟರರು ಪರೀಕ್ಷೆ ಮಾಡಿ ಸಮಾಧಾನದಿಂದ ವಿವರಿಸಿದರು. ನಮ್ಮಂಥ ದೊಡ್ಡವರ ದಪ್ಪ ಧ್ವನಿಯ ಮಾತು ಕೇಳುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ತೆಳುವಾದ ಏರು ಧ್ವನಿಗಳು ಮೊದಲು ಹೋಗುತ್ತವೆ: ಪುಟ್ಟ ಗಂಟೆ, ಹಕ್ಕಿ, ಸಣ್ಣ ಮಕ್ಕಳ ಮಾತು. ಇದು ಸುರುವಾಗಿ ಬಹಳ ವರ್ಷ ಆಗಿರಬೇಕು ಅಂದರು. ಕಿವಿಗೆ ಮಷೀನು ಹಾಕಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆಂದೂ ಹೇಳಿದರು. ಅತ್ತಿ ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಕಮಲಾಪುರದ ಬಸ್ಸು ಕಲಬುರಗಿ ದಾಟಿ ತಾಜಸುಲ್ತಾನಪುರದ ಹತ್ತಿರ ಬಂದರೂ ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಗಂಟೆಗಳ ಚಿಂತೆ ಎಂದುಕೊಂಡು ನಾನು ಏನೋ ಚಾಷ್ಟಿ ಮಾಡಹೋದೆ. ಆಕೆ ನನ್ನ ಕೈ ಹಿಡಿದಳು.

"ತಮ್ಮಾ, ಸಾಲಿ ಯಾಕ ಬಿಟ್ಟೆ ಗೊತ್ತದೇನು? ಹುಡುಗ್ರು ಬಾಯಿ ಬಿಟ್ಟು ಓದ್ತಿದ್ದಿಲ್ಲ. ಬರೇ ತುಟಿ ಹಂದಾಡಸ್ತಾವ, ನನಗ ಅಂಜೂದು ಬಿಟ್ಟಾವ ಅಂತ ಸಿಟ್ಟು ಬರ್ತಿತ್ತು. ಒಂದು ಹುಡುಗಿಗಿ ಅಂತೂ ದಿನಾ ನಿಂದರಸ್ತಿದ್ದೆ, ಜೋರ ಓದು, ಜೋರ ಓದು ಅಂತ. ಅಳಕೋತ ಓದ್ತಿತ್ತು." ಹಿಡಿದ ಕೈ ಬಿಡದೆ ನನ್ನ ಕಡೆ ತಿರುಗಿದಳು. "ಅದು ಜೋರೇ ಓದ್ತಿತ್ತೇನೋ, ಅಲ್ಲಾ?"

ಎಲ್ಲದಕ್ಕೂ ಉತ್ತರ ಬರೆಯುವ ಗುಮಾಸ್ತ ಟಿಕೆಟ್ಟಿನ ಬೆನ್ನ ಮೇಲೆ ಆ ಹುಡುಗಿಯ ಹೆಸರಷ್ಟೇ ಬರೆದುಕೊಂಡ.

ಕಿವಿಗೆ ಮಷೀನು ಹಾಕಿಕೊಂಡ ಮೇಲೆ ಅತ್ತಿ ಮೊದಲು ಮಾಡಿದ ಕೆಲಸ ಆ ಹುಡುಗಿಯನ್ನು ಹುಡುಕಿದ್ದು. ದೂರವೇನಿರಲಿಲ್ಲ. ಕಮಲಾಪುರದಲ್ಲೇ ಮದುವೆಯಾಗಿ, ಮನೆಯ ಮುಂದಿನ ಕೋಣೆಯಲ್ಲಿ ಸೀರೆಯ ಜಂಪರ್ ಹೊಲಿಯುತ್ತಿದ್ದಳು. ಅತ್ತಿ ನನ್ನನ್ನೂ ಕರೆದುಕೊಂಡು ಹೋದಳು. ಹುಡುಗಿ ಬಾಗಿಲಲ್ಲಿ ಟೀಚರನ್ನು ಕಂಡದ್ದೇ ಹೊಲಿಗೆ ಬಿಟ್ಟು ದಿಗ್ಗನೆ ಎದ್ದು, ಕೈಕಟ್ಟಿ ನಿಂತು, ಬರ್ರಿ ಟೀಚರ್ ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಹೆದರಿಕೆ ಇನ್ನೂ ಮೈಯಲ್ಲೇ ಇತ್ತು.

ಅತ್ತಿ ಆಕೆಯ ಭುಜ ಹಿಡಿದು ಸ್ಟೂಲಿನ ಮೇಲೆ ಕೂಡಿಸಿದಳು. ಯಾವುದಾದರೂ ಹಳೆ ಪಾಠ ನೆನಪದೇನು ಎಂದು ಕೇಳಿದಳು. ಆಕೆ ಮತ್ತೆ ಏಳಹೋದಳು.

"ಬ್ಯಾಡವ್ವಾ, ನೀ ಕೂಡು," ಅಂದಳು ಅತ್ತಿ. "ಸಾವಕಾಶ ಹೇಳು. ನಾ ನಿಂತು ಕೇಳ್ತೀನಿ."